ಗೇಟಮ್ಮ ಹಿಡಿದ ಕಳ್ಳ

ನಮ್ಮ ಚಿಕ್ಕಮ್ಮ ಸಿದ್ಧ ಉಡುಪಿನ ಕಾರ್ಖಾನೆಯೊಂದರ ಗೇಟಿನಲ್ಲಿ ಹೆಂಗಸರ ತಪಾಸಣೆ ಮಾಡುತ್ತಿದ್ದಳು. ಪಾಳಿ ಮುಗಿಸಿ ಹೊರಟವರನ್ನು ಒಬ್ಬೊಬ್ಬರಾಗಿ ಪರದೆಯ ಹಿಂದೆ ಕರೆದು, ಭುಜದಿಂದ ಸೊಂಟದವರೆಗೆ ಕೈಯಾಡಿಸಿ, ಊಟದ ಡಬ್ಬಿ ತೆರೆಸಿ, ಕೊಡೆ ಬಿಚ್ಚಿಸಿ ನೋಡಿ ಕಳಿಸುವುದು ಅವಳ ಕೆಲಸ. ನೂಲಿನ ಉಂಡೆ, ಗುಂಡಿ, ಜಿಪ್ಪು, ಲೈನಿಂಗ್ ಬಟ್ಟೆಯ ತುಂಡು, ಏನಾದರೊಂದು ಯಾರದೋ ಒಬ್ಬರ ಮೈಮೇಲೆ ಸಿಕ್ಕೇ ಸಿಗುತ್ತಿತ್ತು. ಹೆಚ್ಚು ನಗುತ್ತಾ ಬಂದವಳನ್ನು ಹೆಚ್ಚು ಹೊತ್ತು ಹುಡುಕಬೇಕು ಎನ್ನುವುದು ಅವಳು ಕಂಡುಕೊಂಡಿದ್ದ ಸತ್ಯ. ಕಾರ್ಖಾನೆಯವರು ಅವಳಿಗೆ ಗೇಟಮ್ಮ ಎಂದು ಹೆಸರಿಟ್ಟಿದ್ದರು. ಬಯ್ಯುವಾಗಲೂ ಅದೇ ಹೆಸರು, ಮಾತನಾಡಿಸುವಾಗಲೂ ಅದೇ.

ಆ ಕೆಲಸದಲ್ಲಿ ಅವಳಿಗೆ ದಕ್ಕದೇ ಹೋದದ್ದು ಒಂದೇ, ಗೆಳತಿ. ತನ್ನ ಸೆರಗು ಕೊಡವಿ ನೋಡುವವಳ ಜೊತೆ ಕೂತು ಯಾರು ತಾನೇ ಊಟ ಮಾಡುತ್ತಾರೆ? ಚಿಕ್ಕಮ್ಮ ಗೇಟಿನ ಪಕ್ಕದ ಗೂಡಿನಂಥ ಕೋಣೆಯಲ್ಲಿ ಒಬ್ಬಳೇ ಉಣ್ಣುತ್ತಿದ್ದಳು. ಮಕ್ಕಳಿರಲಿಲ್ಲ. ಚಿಕ್ಕಪ್ಪ ಹೊರದೇಶದ ಬಂದರಿನಲ್ಲಿ ಕ್ರೇನ್ ರಿಪೇರಿಯ ಮೆಕ್ಯಾನಿಕ್. ರಜೆಗೆ ಬರುತ್ತಿದ್ದರು, ಸೋರುವ ನಲ್ಲಿಯನ್ನೆಲ್ಲ ಸರಿಮಾಡಿ ಹೋಗುತ್ತಿದ್ದರು. ಗಂಡ ಹೆಂಡತಿ ಇಬ್ಬರಿಗೂ ಹೆಚ್ಚುಕಡಿಮೆ ಒಟ್ಟಿಗೇ ನಿವೃತ್ತಿಯಾಯಿತು. ಊರಿಗೆ ಬನ್ನಿ ಎಂದು ಇವಳು. ಇಲ್ಲಿಗೇ ಬಾ ಎಂದು ಅವರು.

"ನನ್ನ ಸ್ನೇಹಿತರೆಲ್ಲ ಇಲ್ಲಿದಾರೆ. ಅಲ್ಲಿ ನನಗೆ ಯಾರು ಗೊತ್ತು?" ಎಂದರಂತೆ ಚಿಕ್ಕಪ್ಪ ಫೋನಿನಲ್ಲಿ.

ಅನುಮಾನ ಹುಟ್ಟಿದ್ದು ಆ ಮಾತಿನಿಂದಲೇ. ಹೆಂಡತಿಯನ್ನು ಬಿಟ್ಟು ಊರು ಬಿಟ್ಟವನಿಗೆ ಅಲ್ಲಿ ಬಿಡಲಾರದಂಥ ಸ್ನೇಹಿತರು ಯಾರು? ನೋಡಿಯೇ ಬಿಡೋಣ ಎಂದು ಚಿಕ್ಕಮ್ಮ ವಿಮಾನ ಹತ್ತಿದಳು.

ಮನೆ ಮೂರನೇ ಮಹಡಿಯಲ್ಲಿ. ಎರಡು ಕೋಣೆ, ಕಿರಿದಾದ ಅಡುಗೆಮನೆ, ಬಟ್ಟೆ ಒಣಹಾಕಲು ಕಿಟಕಿಯಾಚೆ ಕಟ್ಟಿದ ತಂತಿ. ಅವಳು ಪೆಟ್ಟಿಗೆ ಬಿಚ್ಚುವ ಮೊದಲೇ ಕೆಳಗಿನ ಮನೆಯ ಹೆಂಗಸು ಬಂದಳು. ಒಂದು ಕಾಲದಲ್ಲಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು, ಬೆಳ್ಳಗಿನ ಗಿಡ್ಡ ಕೂದಲು, ದೊಡ್ಡ ದನಿ. ಬಾಯಿತುಂಬ ನಗು. ಅಷ್ಟು ನಗು ಕಂಡದ್ದೇ ಚಿಕ್ಕಮ್ಮ ಸೆಟೆದು ನಿಂತಳು. ಆಕೆ ಉದ್ದಕ್ಕೆ ಏನೋ ಹೇಳಿದಳು, ಚಿಕ್ಕಪ್ಪ ತಲೆಯಾಡಿಸಿದರು.

"ಏನಂತೆ?" ಎಂದಳು ಚಿಕ್ಕಮ್ಮ.

"ಪ್ರಯಾಣ ಸುಖವಾಗಿತ್ತಾ ಅಂತ."

"ಅಷ್ಟುದ್ದ ಮಾತಿಗೆ ಇಷ್ಟೇನಾ ಅರ್ಥ?"

"ಆ ಭಾಷೆ ಸ್ವಲ್ಪ ಉದ್ದ," ಎಂದರು ಚಿಕ್ಕಪ್ಪ.

ಚಹಾಕ್ಕೆ ನೀರಿಟ್ಟಾಗ ನಡೆದದ್ದು ಇದಕ್ಕಿಂತ ದೊಡ್ಡ ವಿಷಯ. ನರ್ಸಮ್ಮ ಎದ್ದು ಬಂದು, ಯಾರನ್ನೂ ಕೇಳದೆ, ಒಲೆಯ ಬಲಗಡೆಯ ಎರಡನೇ ಡ್ರಾಯರ್ ಎಳೆದು ಚಮಚ ತೆಗೆದಳು. ಸಕ್ಕರೆ ಡಬ್ಬಿ ಮೇಲಿನ ಕಪಾಟಿನ ಮೂಲೆಯಲ್ಲಿತ್ತು. ಅದಕ್ಕೂ ಕೈ ನೇರವಾಗಿ ಹೋಯಿತು. ಈ ಮನೆಯಲ್ಲಿ ಚಮಚ ಎಲ್ಲಿದೆ ಎಂದು ಹೆಂಡತಿಗೇ ಗೊತ್ತಿಲ್ಲ!

ಆಕೆ ಹೋದಮೇಲೆ ಚಿಕ್ಕಮ್ಮ ಕೇಳಿದಳು, "ರೀ, ಅವಳಿಗೆ ನಿಮ್ಮ ಡ್ರಾಯರ್ ಹೇಗೆ ಗೊತ್ತು?"

"ನನಗೆ ಜ್ವರ ಬಂದಾಗ ಗಂಜಿ ಮಾಡಿಕೊಡ್ತಿದ್ಲು."

"ಎಷ್ಟು ಸಲ ಬಂದಿತ್ತು ಜ್ವರ?"

ಚಿಕ್ಕಪ್ಪ ಪೇಪರ್ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು. ತಪ್ಪಿತಸ್ಥರು ಹಾಗೇ ಮಾಡುತ್ತಾರೆ ಎಂದು ಚಿಕ್ಕಮ್ಮ ನನಗೆ ಫೋನ್ ಮಾಡಿ ಹೇಳಿದಳು. ಅವಳ ಅಕ್ಕನ ಮಗಳು ನಾನು. ಅಲ್ಲಿ ನಡೆದದ್ದೆಲ್ಲ ನನಗೆ ತಿಳಿದದ್ದು ಹೀಗೆ, ಅವಳು ದನಿ ತಗ್ಗಿಸಿ ಮಾಡುತ್ತಿದ್ದ ಫೋನಿನಿಂದ. "ಯಾಕೆ ಚಿಕ್ಕಮ್ಮ ಪಿಸುಗುಟ್ಟುತ್ತೀ, ಅಲ್ಲಿ ಯಾರಿಗೂ ಕನ್ನಡ ಬರಲ್ಲವಲ್ಲ" ಎಂದರೆ, "ಬರಲ್ಲ ಅಂತ ಹೇಳ್ತಾರೆ" ಎನ್ನುತ್ತಿದ್ದಳು.

ಚಿಕ್ಕಪ್ಪ ಮಧ್ಯಾಹ್ನದ ಊಟವಾದ ಕೂಡಲೇ ಕೋಟು ಹಾಕಿಕೊಂಡು ಹೊರಡುತ್ತಿದ್ದರು. ಬೀದಿ ತುದಿಯ ಗ್ರಂಥಾಲಯದ ಹಿಂದೆ ಒಂದು ಉದ್ದನೆಯ ಕೋಣೆಯಿದೆ, ನಿವೃತ್ತರೆಲ್ಲ ಸೇರುತ್ತಾರೆ, ಕೆಲವರು ಚಿತ್ರ ಬರೆಯುತ್ತಾರೆ, ಕೆಲವರು ಹಳೆಯ ರೇಡಿಯೊ ಬಿಚ್ಚಿಟ್ಟುಕೊಂಡು ಕೂರುತ್ತಾರೆ, ಬೇಜಾರಾದರೆ ನೀನೂ ಬಾ ಎನ್ನುತ್ತಿದ್ದರು. ಚಿಕ್ಕಮ್ಮ ಒಂದು ವಾರ ಹೋಗಲಿಲ್ಲ. ಆಮೇಲೆ ಹೇಳದೆ ಕೇಳದೆ ಒಂದು ದಿನ ಹಿಂದಿನಿಂದಲೇ ಹೋದಳು. ಬಾಗಿಲ ಗಾಜಿನಲ್ಲಿ ಇಣುಕಿದಾಗ ಚಿಕ್ಕಪ್ಪ ಒಂದು ರೇಡಿಯೊದ ಹೊಟ್ಟೆಯೊಳಗೆ ಮೂಗು ತೂರಿಸಿ ಕೂತಿದ್ದರು. ನರ್ಸಮ್ಮ ದೂರದ ಮೇಜಿನಲ್ಲಿ ಬಣ್ಣ ಕಲಸುತ್ತಿದ್ದಳು. ಇಬ್ಬರ ನಡುವೆ ಅಷ್ಟು ದೂರ ಬೇಕೆಂದೇ ಇಟ್ಟಂತೆ ಕಂಡಿತು ಚಿಕ್ಕಮ್ಮನಿಗೆ.

ಒಳಗೆ ಹೋದರೆ ಎಲ್ಲರೂ ಎದ್ದು ಕೈಕುಲುಕಿದರು. ಕುರ್ಚಿ ಕೊಟ್ಟರು, ಚಹಾ ಕೊಟ್ಟರು. ಬಿಟ್ಟಿ ಚಹಾ, ಬಿಟ್ಟಿ ನಗು. ಚಿಕ್ಕಮ್ಮ ಕೈಚೀಲವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದು ಕೂತಳು. ಬಣ್ಣ ಬೇಡ, ರೇಡಿಯೊ ಬೇಡ. ಕಿಟಕಿಯ ಹತ್ತಿರ ಒಬ್ಬ ತೆಳ್ಳಗಿನ ಮುದುಕ ಕಪ್ಪು ಬಿಳಿ ಚೌಕದ ಹಲಗೆ ಇಟ್ಟುಕೊಂಡು ಒಬ್ಬನೇ ಕೂತಿದ್ದ. ಎದುರಿನ ಕುರ್ಚಿ ಖಾಲಿ. ಅವನು ಆ ಬೀದಿಯ ಹಳೆಯ ಕ್ಷೌರಿಕ, ಅಂಗಡಿ ಮುಚ್ಚಿ ಕೆಲವು ವರ್ಷವಾಗಿತ್ತು. ಬೆರಳುಗಳು ಮಾತ್ರ ಈಗಲೂ ಗಾಳಿಯಲ್ಲಿ ಏನನ್ನೋ ಕತ್ತರಿಸುತ್ತಿದ್ದವು. ಚಿಕ್ಕಮ್ಮ ಅವನಿಗೆ ಅಲ್ಲೇ ಕತ್ತರಿ ಎಂದು ಹೆಸರಿಟ್ಟಳು. ಆ ಕೋಣೆಯಲ್ಲಿ ನಗದೇ ಇದ್ದವನು ಅವನೊಬ್ಬನೇ. ಅದಕ್ಕೇ ಇರಬೇಕು, ಎದ್ದು ಹೋಗಿ ಅವನೆದುರು ಕೂತಳು.

ಆಟ ಕಷ್ಟದ್ದಲ್ಲ. ಕಾಯಿ ಓರೆಯಾಗಿ ನಡೆಯಬೇಕು, ಎದುರಾಳಿಯ ಕಾಯಿಯ ಮೇಲೆ ಹಾರಿದರೆ ಅದು ನಮ್ಮದು. ಕತ್ತರಿ ಬೆರಳು ತೋರಿಸಿಯೇ ಕಲಿಸಿದ. ಭಾಷೆ ಬೇಕಾಗಲಿಲ್ಲ. ಅವಳಿಗೆ ಕಪ್ಪು ಕಾಯಿ, ಅವನಿಗೆ ಬಿಳಿ. ಮೊದಲ ದಿನ ಸೋತಳು. ಮರುದಿನವೂ ಸೋತಳು. ಆದರೆ ಮನೆಗೆ ಬಂದಮೇಲೂ ಹಲಗೆ ಕಣ್ಣಮುಂದೆ ಕುಣಿಯುತ್ತಿತ್ತು. ಸೊಪ್ಪು ಬಿಡಿಸುವಾಗ ಕಡ್ಡಿಗಳನ್ನು ಓರೆಯಾಗಿ ಜೋಡಿಸಿ ಕೂರುತ್ತಿದ್ದಳು. ಬಾಳಿನಲ್ಲಿ ಮೊದಲ ಸಲ ಅವಳಿಗೆ ಒಂದು ಹುಚ್ಚು ಹಿಡಿದಿತ್ತು.

ಆದರೂ ಏನೋ ಸರಿಯಿರಲಿಲ್ಲ. ಚೆನ್ನಾಗಿ ಆಡುತ್ತಾ ಬಂದ ಆಟ ಕೊನೆಯಲ್ಲಿ ತಟ್ಟನೆ ಕೆಡುತ್ತಿತ್ತು. ಮೂಲೆಯಲ್ಲಿ ಇತ್ತು ಎಂದುಕೊಂಡ ಕಾಯಿ ನೋಡಿದರೆ ಇರುತ್ತಿರಲಿಲ್ಲ. ಹೊಸಬಳು, ಮರೆತಿರಬಹುದು ಎಂದು ಸುಮ್ಮನಾದಳು. ಮತ್ತೆ ಹಾಗೇ ಆದಾಗ ಪಕ್ಕದವರ ಮುಖ ನೋಡಿದಳು. ಅವರು ಕಿಟಕಿಯಾಚೆ ನೋಡಿದರು. ನರ್ಸಮ್ಮ ಕುಂಚ ತೊಳೆಯಲು ಎದ್ದು ಹೋದಳು.

"ಎಲ್ಲರೂ ಸೇರಿ ನನ್ನನ್ನ ಆಡಿಸ್ತಿದಾರೆ ಕಣೇ," ಎಂದಳು ನನಗೆ. "ನಿನ್ನ ಚಿಕ್ಕಪ್ಪನೂ ಸೇರಿದಾರೆ. ಇರಲಿ. ನನ್ನ ಕಣ್ಣು ಇನ್ನೂ ಹೋಗಿಲ್ಲ."

ಮುಂದಿನ ಆಟದಲ್ಲಿ ಅವಳು ಹಲಗೆ ನೋಡಲಿಲ್ಲ. ಕತ್ತರಿಯ ಅಂಗಿಯ ತೋಳು ನೋಡುತ್ತಾ ಕೂತಳು. ಮಣಿಕಟ್ಟಿನ ಹತ್ತಿರ ಅಷ್ಟು ಸಡಿಲವಾದ ತೋಳನ್ನು ಯಾವ ದರ್ಜಿಯೂ ಹೊಲಿಯುವುದಿಲ್ಲ. ಕತ್ತರಿ ಕೆಮ್ಮಿದ, ಮುಂದಕ್ಕೆ ಬಾಗಿದ, ಕರವಸ್ತ್ರಕ್ಕೆ ಕೈ ಹಾಕಿದ. ಆ ಕೈ ಹಲಗೆಯ ಮೇಲಿಂದ ಹಾದು ಹೋಯಿತು. ಅಷ್ಟೇ. ಚಿಕ್ಕಮ್ಮ ಯೋಚನೆ ಮಾಡಲಿಲ್ಲ, ಕೈ ತಾನಾಗಿ ಹೋಯಿತು. ಅವನ ಮಣಿಕಟ್ಟು ಹಿಡಿದು, ಎಬ್ಬಿಸಿ ನಿಲ್ಲಿಸಿ, ತೋಳನ್ನು ಮೊಣಕೈವರೆಗೆ ಮಗುಚಿ ಕೊಡವಿದಳು. ಕಪ್ಪು ಕಾಯಿಯೊಂದು ನೆಲಕ್ಕೆ ಬಿದ್ದು, ಉರುಳುತ್ತಾ ಹೋಗಿ ರೇಡಿಯೊ ಮೇಜಿನ ಕೆಳಗೆ ನಿಂತಿತು.

"ಕಳ್ಳ!" ಎಂದಳು, ಕನ್ನಡದಲ್ಲೇ.

ಕತ್ತರಿ ತೋಳು ಸರಿಮಾಡಿಕೊಂಡು, ಟೋಪಿ ತೆಗೆದುಕೊಂಡು ನಡೆದ. ಚಿಕ್ಕಪ್ಪ ಹೆಂಡತಿಯನ್ನು ರೆಟ್ಟೆ ಹಿಡಿದು ಹೊರಗೆ ಕರೆತಂದರು.

"ಮಾನ ತೆಗೆದೆಯಲ್ಲೇ! ಇದೇನು ನಿನ್ನ ಗೇಟಾ?"

"ಅವನು ಕದ್ದದ್ದು ನೀವು ನೋಡ್ಲಿಲ್ವಾ?"

"ಅವನು ಕದೀತಾನೆ ಅಂತ ಎಲ್ಲರಿಗೂ ಗೊತ್ತು. ಎಷ್ಟೋ ವರ್ಷದಿಂದ ಗೊತ್ತು. ವಯಸ್ಸಾಗಿದೆ, ಒಬ್ಬಂಟಿ, ಗೆದ್ದುಕೊಳ್ಳಲಿ ಪಾಪ ಅಂತ ಬಿಟ್ಟಿದೀವಿ."

ಚಿಕ್ಕಮ್ಮ ಬೀದಿಯಲ್ಲೇ ನಿಂತುಬಿಟ್ಟಳು. "ಗೊತ್ತಿದ್ದೂ ಸುಮ್ಮನಿದ್ರಾ? ಅಂದ್ರೆ ನೀವು ಯಾರೂ ಅವನ ಜೊತೆ ಆಡ್ತಾನೇ ಇರಲಿಲ್ಲ. ಆಡಿದ ಹಾಗೆ ಮಾಡ್ತಿದ್ರಿ."

ಚಿಕ್ಕಪ್ಪ ಕೋಟಿನ ಗುಂಡಿ ಹಾಕಿಕೊಂಡು ಮನೆಯ ಕಡೆ ನಡೆದರು.

ಆಮೇಲೆ ಕತ್ತರಿ ಬರಲಿಲ್ಲ. ಕೋಣೆಯವರು ಚಿಕ್ಕಮ್ಮನಿಗೆ ಮೊದಲಿನಂತೆಯೇ ಚಹಾ ಕೊಟ್ಟರು, ಆದರೆ ಅವಳು ಹತ್ತಿರ ಬಂದರೆ ಚೀಲಗಳನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು. ಆ ಚಲನೆ ಅವಳಿಗೆ ಚೆನ್ನಾಗಿ ಪರಿಚಯ. ಹಲಗೆ ಮುಂದಿಟ್ಟುಕೊಂಡು ಒಬ್ಬಳೇ ಎರಡೂ ಕಡೆ ಆಡಿ ನೋಡಿದಳು. ರುಚಿಸಲಿಲ್ಲ. ಫೋನಿನಲ್ಲಿ ಅವಳ ದನಿ ಸಣ್ಣದಾಯಿತು. "ವಾಪಸ್ ಬಂದುಬಿಡ್ಲೇನೇ?" ಎಂದಳು ಒಂದು ಸಂಜೆ.

ಮರುದಿನ ನರ್ಸಮ್ಮ ಬಾಗಿಲು ತಟ್ಟಿದಳು. ಕೋಟು ಹಾಕಿಕೋ ಎಂದು ಸನ್ನೆ ಮಾಡಿದಳು. ಎಲ್ಲಿಗೆ ಎಂದರೆ ಬೆರಳುಗಳಿಂದ ಕೂದಲು ಕತ್ತರಿಸಿ ತೋರಿಸಿದಳು. ಕ್ಷಮೆ ಕೇಳಿಸಲು ಕರೆದೊಯ್ಯುತ್ತಿದ್ದಾಳೆ ಎಂದುಕೊಂಡಳು ಚಿಕ್ಕಮ್ಮ. ಹೋಗುತ್ತೇನೆ, ಕ್ಷಮೆ ಕೇಳಲ್ಲ ಎಂದು ಗಟ್ಟಿಮಾಡಿಕೊಂಡೇ ಹೊರಟಳು. ದಾರಿಯಲ್ಲಿ ಇನ್ನೊಂದು ವಿಷಯವೂ ಇತ್ಯರ್ಥವಾಗಲಿ ಎಂದು, ತಾನು ಕಲಿತಿದ್ದ ನಾಲ್ಕು ಪದಗಳನ್ನು ಕೂಡಿಸಿ ಕೇಳಿಯೇಬಿಟ್ಟಳು: "ನೀನು, ನನ್ನ ಗಂಡ, ಏನು?"

ನರ್ಸಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಕೂಡಲೇ ದೀಪದ ಕಂಬ ಹಿಡಿದುಕೊಂಡು ನಕ್ಕಳು. ಕಣ್ಣೊರೆಸಿಕೊಂಡು, ಮೇಲೆ ಬೆರಳು ತೋರಿಸಿ, ಗೊರಕೆ ಹೊಡೆದು ತೋರಿಸಿದಳು. ಚಾವಣಿ ತೂರಿ ಬರುವ ಆ ಸದ್ದಿಗೆ ತನಗೆ ನಿದ್ದೆಯೇ ಇಲ್ಲ ಎಂದು ಅಭಿನಯಿಸಿದಳು. ಚಿಕ್ಕಮ್ಮನಿಗೂ ನಗು ಬಂತು. ಆದರೂ ಗೊರಕೆ ಉತ್ತರವಲ್ಲ ಎಂದು ಮನಸ್ಸಿನ ಒಂದು ಮೂಲೆಯಲ್ಲಿ ಬರೆದಿಟ್ಟುಕೊಂಡಳು.

ಕತ್ತರಿಯ ಮನೆ ಅವನ ಹಳೆಯ ಅಂಗಡಿಯ ಹಿಂಭಾಗದಲ್ಲಿತ್ತು. ಅಂಗಡಿಯೊಳಗೆ ಎರಡು ಕುರ್ಚಿಗಳಿಗೆ ಬಿಳಿ ಬಟ್ಟೆ ಹೊದಿಸಿತ್ತು, ಕನ್ನಡಿಯ ಮೇಲೆ ದೂಳಿತ್ತು. ಅವನು ಬಾಗಿಲನ್ನು ಸರಪಳಿ ಬಿಚ್ಚದೆ ನಾಲ್ಕು ಬೆರಳಷ್ಟೇ ತೆರೆದ. ಆ ಸಂದಿಯಲ್ಲಿ ಒಂದು ಕಣ್ಣು ಕಂಡಿತು.

"ಯಾಕೆ ಬಂದ್ರಿ?" ಎಂದು ಕೇಳಿದ. ಅಷ್ಟು ಮಾತು ಚಿಕ್ಕಮ್ಮನಿಗೆ ತಿಳಿಯುತ್ತಿತ್ತು.

ಅವಳಿಗೆ ಬರುತ್ತಿದ್ದ ಆ ಭಾಷೆ ಅಂಗಡಿಯಲ್ಲಿ ತರಕಾರಿ ಕೊಳ್ಳುವಷ್ಟು. ಅದರಲ್ಲೇ ಹೇಳಿದಳು. "ನೀನು ಕಳ್ಳ. ನಾಳೆ ಬಾ."

"ನಾನು ಕದ್ದಿಲ್ಲ. ಕಾಯಿ ತಾನಾಗಿ ಒಳಗೆ ಹೋಗಿರಬೇಕು," ಎಂದು ಅಂಗಿಯ ತೋಳು ತೋರಿಸಿದ.

"ಸುಳ್ಳು. ನಾಳೆ ಬಾ. ನಾನು ನೋಡ್ತೀನಿ."

"ಏನು ನೋಡ್ತೀರಿ?"

"ಕೈ."

ಬಾಗಿಲು ಮುಚ್ಚಿತು. ನರ್ಸಮ್ಮ ನಿಟ್ಟುಸಿರುಬಿಟ್ಟಳು. ಆಮೇಲೆ ಸರಪಳಿಯ ಸದ್ದಾಯಿತು. ಕತ್ತರಿ ಬಾಗಿಲನ್ನು ಪೂರ್ತಿ ತೆರೆದು ನಿಂತಿದ್ದ, ಕಂಕುಳಲ್ಲಿ ತನ್ನದೇ ಒಂದು ಹಲಗೆ. ನಾಳೆ ಯಾಕೆ ಎಂದ.

ಅಂಗಡಿಯ ಕುರ್ಚಿಗಳ ಬಟ್ಟೆ ಸರಿಸಿ, ನಡುವೆ ಸ್ಟೂಲ್ ಇಟ್ಟು ಆಡಿದರು. ತೋಳು ಮಡಚು ಎಂದಳು, ಮಡಚಿದ. ಆದರೂ ಒಂದು ಸಲ ಮಂಡಿಯಿಂದ ಸ್ಟೂಲ್ ಅಲುಗಿಸಿದ, ಒಂದು ಸಲ ಕನ್ನಡಿಯತ್ತ ಬೆರಳು ತೋರಿಸಿ ಅವಳು ತಿರುಗುವಷ್ಟರಲ್ಲಿ ಕಾಯಿ ಸರಿಸಿದ. ಎರಡೂ ಸಲ ಅವಳು ಕೈಮೇಲೆ ಪಟ್ಟೆಂದು ಹೊಡೆದು ಕಾಯಿಯನ್ನು ಅದರ ಜಾಗದಲ್ಲಿ ಇಟ್ಟಳು. ಎರಡನೇ ಸಲ ಹೊಡೆಸಿಕೊಂಡಾಗ ಮುದುಕ ನಕ್ಕ. ಹಲ್ಲಿಲ್ಲದ ಬಾಯಿ, ಮೈಯೆಲ್ಲ ಅಲುಗುವ ನಗು. ಇವನು ನಗುವುದನ್ನು ತಾನು ಈ ಹಿಂದೆ ಕಂಡಿಲ್ಲ ಎಂದು ನರ್ಸಮ್ಮ ಆಮೇಲೆ ಚಿಕ್ಕಪ್ಪನಿಗೆ ಹೇಳಿದಳಂತೆ. ಆ ದಿನದ ಆಟವನ್ನು ಚಿಕ್ಕಮ್ಮ ಗೆದ್ದಳು. ಬೇಕೆಂದೇ ಬಿಟ್ಟುಕೊಟ್ಟನೋ ಎಂಬ ಅನುಮಾನ ಅವಳಿಗೆ ಈಗಲೂ ಇದೆ.

ಮಾರನೆಯ ದಿನದಿಂದ ಕತ್ತರಿ ಕೋಣೆಗೆ ಬಂದ. ಗೇಟಮ್ಮ ಎದುರಿಗೆ ಕೂತರೆ ಆಟ ನೋಡಲು ಉಳಿದವರೂ ಕುರ್ಚಿ ಎಳೆದುಕೊಂಡು ಬರತೊಡಗಿದರು. ಕೆಲವರಿಗೆ ಧೈರ್ಯ ಬಂದು ತಾವೂ ಬಿಟ್ಟುಕೊಡದೆ ಆಡಿದರು, ಜಗಳವಾಡಿದರು, ಸೋತು ಸಿಟ್ಟಿನಿಂದ ಎದ್ದು ಹೋಗಿ ಮತ್ತೆ ಬಂದರು. ಚಿಕ್ಕಮ್ಮ ಆ ಭಾಷೆ ಕಲಿತದ್ದು ಹೆಚ್ಚಾಗಿ ಆ ಜಗಳಗಳಲ್ಲೇ. ಹಾಗಾಗಿ ಅವಳ ಮಾತಿನಲ್ಲಿ ವಿನಯದ ಪದಗಳು ಕಡಿಮೆ, ಬೈಗುಳದ ಉಚ್ಚಾರಣೆ ಬಹಳ ಸ್ಪಷ್ಟ ಎಂದು ಚಿಕ್ಕಪ್ಪನ ದೂರು.

ಹೋದ ವರ್ಷ ನಾನೂ ಅಲ್ಲಿಗೆ ಹೋಗಿದ್ದೆ. ಚಿಕ್ಕಮ್ಮ ನನ್ನನ್ನು ಆ ಉದ್ದನೆಯ ಕೋಣೆಗೆ ಕರೆದುಕೊಂಡು ಹೋದಳು. ಕಿಟಕಿಯ ಹತ್ತಿರ ಮುದುಕನೂ ನರ್ಸಮ್ಮನೂ ಆಡುತ್ತಾ ಕೂತಿದ್ದರು. ಇಬ್ಬರೂ ಎದ್ದು ನನ್ನ ಕೈಕುಲುಕಿದರು. ಚಿಕ್ಕಮ್ಮ ದೊಡ್ಡ ದನಿಯಲ್ಲೇ ಪರಿಚಯ ಮಾಡಿಕೊಟ್ಟಳು.

"ಇವನು ಕಳ್ಳ. ಇವಳ ವಿಷಯ ನನಗಿನ್ನೂ ಪೂರ್ತಿ ಗೊತ್ತಾಗಿಲ್ಲ. ಇಬ್ಬರೂ ನನ್ನ ಸ್ನೇಹಿತರು. ಕೂತ್ಕೋ, ಚಹಾ ತರ್ತೀನಿ."