ಬೀಸಿದ ಗಾಳಿಯ ಸಪ್ಪಳ

ಕಾಕಾನ ಬಲಗಿವಿಯಿಂದ ಬಿಳಿ ಕೂದಲು ಗರಿಕೆಯಂತೆ ಹೊರಚಾಚಿರುತ್ತಿತ್ತು. ನಾನು ಗಾಲ್ಫ್ ಸ್ಟಿಕ್ ಬೀಸುವಾಗ ಅವರು ಕಣ್ಣು ಮುಚ್ಚಿ ಆ ಕಿವಿಯನ್ನೇ ನನ್ನ ಕಡೆ ತಿರುಗಿಸಿ ನಿಲ್ಲುತ್ತಿದ್ದರು. "ಕಣ್ ತೆರದ್ ನೋಡ್ರಿ ಕಾಕಾ" ಎಂದರೆ, "ನೋಡೂದೇನೈತಿ? ಗಾಳಿ ಎಲ್ಲಾ ಹೇಳತೈತಿ. ನೀ ಸುಮ್ನ ಬೀಸವಾ" ಎನ್ನುತ್ತಿದ್ದರು.

ಹತ್ತರಗಿಯಲ್ಲಿ ನಮ್ಮ ಬಾಜೂ ಮನೆ ಅವರದು. ಬೆಳಗಾವಿಯ ಗಾಲ್ಫ್ ಮೈದಾನದಲ್ಲಿ ಸ್ಟಿಕ್ ರಿಪೇರಿ ಮಾಡುತ್ತಿದ್ದವರು ನಿವೃತ್ತರಾಗಿ ಊರಿಗೆ ಬಂದು, ಕಬ್ಬು ಕಟಾವಾದ ಹೊಲದಲ್ಲಿ ನನಗೆ ಆಟ ಕಲಿಸಿದರು. ಇಬ್ಬರೂ ಬಗ್ಗಿ ಬಗ್ಗಿ ಚೆಂಡು ಹುಡುಕುವುದನ್ನು ಕಂಡು ಹೆದ್ದಾರಿಯ ಬೈಕಿನವರು "ಏನ್ ಕಳದೈತ್ರಿ?" ಎಂದು ಕೂಗುತ್ತಿದ್ದರು. "ನನ್ನ ಹರೇ ಕಳದೈತಿ! ಸಿಕ್ರ ಕೊಟ್ಟ್ ಹೋಗ್ರಿ!" ಎಂದು ಕಾಕಾ ತಿರುಗಿ ಕೂಗುತ್ತಿದ್ದರು. ನನಗೆ ನಕ್ಕು ನಕ್ಕು ಸಾಕಾಗುತ್ತಿತ್ತು.

ಸ್ಟಿಕ್ಕಿನ ಹಿಡಿಗೂ ತಲೆಗೂ ನಡುವಿನ ಕೋಲಿಗೆ ಶಾಫ್ಟ್ ಎನ್ನುತ್ತಾರೆ. ರಭಸದಿಂದ ಬೀಸುವವರಿಗೆ ಅದು ಗಡಸಾಗಿರಬೇಕು, ನಿಧಾನದವರಿಗೆ ಮೆತ್ತಗೆ ಬಾಗಬೇಕು. ಯಾರಿಗೆ ಎಂಥದ್ದು ಎಂದು ತಿಳಿಯಲು ಕಾಕಾ ಮೊದಲು ಕೈಗೆ ಕಬ್ಬಿನ ಜಲ್ಲೆ ಕೊಟ್ಟು, ಬೀಸುವ ಸಪ್ಪಳ ಕೇಳುತ್ತಿದ್ದರು. "ಸ್ಟಿಕ್ ಕೊಟ್ರ ಎಲ್ಲಾರೂ ದೊಡ್ಡಸ್ತನ ತೋರಸ್ತಾರ. ಕಬ್ಬ ಕೊಟ್ರ ಖರೆ ಕೈ ಗೊತ್ತಾಗತೈತಿ."

ಕಾಯಿಲೆ ಬಿದ್ದು ಎದ್ದ ಮೇಲೆ ಅವರ ತೋಳಿನಲ್ಲಿ ಕಸುವು ಉಳಿಯಲಿಲ್ಲ. ಬದುವಿನಾಚೆ ಇನ್ನೊಂದೇ ಸಲ ಚೆಂಡು ಹಾರಿಸಬೇಕು ಎಂಬ ಆಸೆ ಮಾತ್ರ ಹಾಗೇ ಇತ್ತು. ಎಲ್ಲರಿಗೂ ಶಾಫ್ಟ್ ಬದಲಿಸಿಕೊಟ್ಟ ಮನುಷ್ಯ ತಮ್ಮ ಹರೆಯದ ಗಡಸು ಶಾಫ್ಟ್ ಬಿಡಲೊಲ್ಲರು. ಚೆಂಡು ಮಾರು ದೂರ ಉರುಳಿ ನಿಲ್ಲುತ್ತಿತ್ತು. ಎಂಥಾ ಹಟ ಮಾರಾಯರೇ! ಸಿಟ್ಟು ಮಾಡಿಕೊಂಡೇ ನಾನು ಚೆಂಡು ತಂದು ಮತ್ತೆ ಅವರ ಮುಂದೆ ಇಡುತ್ತಿದ್ದೆ.

ನಾನಾಗ ಮೂಡಲಗಿಯ ಸಾಲಿಯಲ್ಲಿ ಆಟದ ಟೀಚರ್. ಒಂದು ರವಿವಾರ ಊರಿಗೆ ಬಂದವಳೇ ಅವರ ಕೈಗೆ ಜಲ್ಲೆ ಕೊಟ್ಟೆ. ಕಾಕಾ ದುರುಗುಟ್ಟಿದರು. ಆಮೇಲೆ ಬೀಸಿದರು. ನಾನು ಕಣ್ಣು ಮುಚ್ಚಿ ಕೇಳಿದೆ. ಸಪ್ಪಳವೇ ಇರಲಿಲ್ಲ.

"ಏನ್ ಕೇಳಿಸ್ತವಾ?"

"ಮೆತ್ತಂದು ಬೇಕ್ರಿ ಕಾಕಾ."

"ನನಗ?"

"ಹೂನ್ರಿ. ನಿಮಗ."

ಬದುವಿನ ಮೇಲೆ ಕೂತು ಜಲ್ಲೆಯ ಸಿಪ್ಪೆ ಸುಲಿಯತೊಡಗಿದರು. ಕಡೆಗೆ, "ಸ್ಟಿಕ್ಕಿನ ತಲಿ ಸಣ್ಣಗ ಕಾಸು. ಅಂಟ ಬಿಡತೈತಿ" ಎಂದರು. ಹಳೆಯ ಶಾಫ್ಟ್ ಕಿತ್ತು ಮೆತ್ತನೆಯದನ್ನು ನಾನೇ ಕೂಡಿಸಿದೆ.

ಮುಂದಿನ ರವಿವಾರ ಅವರು ಹೊಡೆದರು. ಹೊಡೆದ ಮೇಲೂ ಕಣ್ಣು ತೆರೆಯಲಿಲ್ಲ.

"ದಾಟ್ತು?"

"ದಾಟ್ತ್ರಿ ಕಾಕಾ!"

"ಗೊತ್ತಾತು. ಕೇಳಿಸ್ತು ನನಗ."

ಆ ಚೆಂಡನ್ನು ನಾವು ಹುಡುಕಲಿಲ್ಲ. ಮುಂದಿನ ಕಟಾವಿಗೆ ಕಾಕಾ ಇರಲಿಲ್ಲ.

ಈ ಸಲ ಕಬ್ಬು ಹೋದ ಮೇಲೆ ಒಬ್ಬಳೇ ಆ ಹೊಲಕ್ಕೆ ಹೋದೆ. ಸ್ಟಿಕ್ ಬೀಸಿ, ರೂಢಿಯಂತೆ ಹಿಂದೆ ತಿರುಗಿದೆ. ಆ ಕಿವಿ ಅಲ್ಲಿರಲಿಲ್ಲ. ಚೆಂಡು ಹುಡುಕುತ್ತಿದ್ದಾಗ ಹೆದ್ದಾರಿಯಲ್ಲಿ ಯಾರೋ ಬೈಕ್ ನಿಲ್ಲಿಸಿ, "ಏನ್ ಕಳದೈತ್ರಿ ಅಕ್ಕಾರ?" ಎಂದು ಕೂಗಿದರು.

ನಾನು ಕಣ್ಣು ಮುಚ್ಚಿ ಮತ್ತೊಮ್ಮೆ ಸ್ಟಿಕ್ ಬೀಸಿ, ಗಾಳಿಯ ಸಪ್ಪಳ ಕೇಳಿದೆ.