ಕಿವಿಗುರುತಿನ ನೋಟುಗಳು

ಮೊನ್ನೆ ಔಷಧಿ ಅಂಗಡಿಯ ಹುಡುಗ ನಾನು ಕೊಟ್ಟ ನೋಟನ್ನು ಎರಡು ಬೆರಳಲ್ಲಿ ಹಿಡಿದು ವಾಪಸ್ ಚಾಚಿದ. "ಮೂಲಿ ಹರದದ ಅಜ್ಜೀ, ಇದು ನಡಿಯೂದಿಲ್ಲ." ಬೇರೆ ಯಾರಾದರೂ ಆಗಿದ್ದರೆ ಇನ್ನೊಂದು ನೋಟು ಕೊಟ್ಟು, ಗುಳಿಗೆ ತೆಗೆದುಕೊಂಡು ಮನೆಗೆ ಹೋಗುತ್ತಿದ್ದರು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತು, ಚಾಳೀಸು ಏರಿಸಿಕೊಂಡು, ಆ ಮೂಲೆಯನ್ನು ಬಿಸಿಲಿಗೆ ಹಿಡಿದೆ. ಹರಿದದ್ದೋ, ಕತ್ತರಿಸಿದ್ದೋ? ಕತ್ತರಿಸಿದ್ದಾದರೆ ಯಾವ ಆಕಾರ? ಅಜ್ಜಿಗೆ ತಲೆ ನೆಟ್ಟಗಿಲ್ಲ ಎಂದು ಹುಡುಗ ಅಂದುಕೊಂಡಿರಬೇಕು. ಅಂದುಕೊಳ್ಳಲಿ ಬಿಡಿ. ನನ್ನ ಮೂಗಿಗೆ ಆಗಲೇ ಹಸಿ ಉಣ್ಣೆಯ ವಾಸನೆ ಬಂದುಬಿಟ್ಟಿತ್ತು... ಕಂಬಳಿ ಅಕ್ಕನ ವಾಸನೆ.

ನಾನು ಹುಟ್ಟಾ ಸಂಶಯದವಳು. ಹಾಲಿಗೆ ನೀರು ಹಾಕಿಲ್ಲ ಎಂದು ಗೌಳಿಗಿತ್ತಿ ಆಣೆ ಮಾಡಿದರೆ, ಹಾಗಾದರೆ ಇನ್ನೇನು ಹಾಕಿದ್ದಾಳೆ ಎಂದು ಯೋಚಿಸುವವಳು. ಸಂಸ್ಥಾನ ಹೋಗಿ ಜತ್ತ ಮುಂಬಯಿ ಸರಕಾರಕ್ಕೆ ಸೇರಿದ ವರ್ಷವೇ ನಾನು ಮದುವೆಯಾಗಿ ಜತ್ತಿಗೆ ಬಂದೆ. ನಮ್ಮ ಮಾವನವರದು ಪೇಟೆಯಲ್ಲಿ ಕಿರಾಣಿ ಮತ್ತು ಕಂಬಳಿಯ ಅಂಗಡಿ, ಹಿಂದೆಯೇ ಮನೆ. ಬಂದ ಕೆಲವೇ ದಿನಗಳಲ್ಲಿ ಅತ್ತೆಯವರು ನನಗೆ ಫೌಜದಾರಬಾಯಿ ಎಂದು ಹೆಸರಿಟ್ಟರು. ಹೊಗಳಿಕೆಯಲ್ಲ ಅದು. ಆದರೆ ನನಗೆ ಒಳಗೊಳಗೇ ಖುಷಿಯಾಗಿತ್ತು.

ಕಂಬಳಿ ಅಕ್ಕ ಸೋನ್ಯಾಳದ ಕಡೆಯವಳು, ಕುರಿ ಕಾಯುವ ಮನೆತನದ ಹೆಣ್ಣು. ಸಂತೆಯ ದಿನ ತಲೆಯ ಮೇಲೆ ಕಂಬಳಿಗಳ ಹೊರೆ ಹೊತ್ತು ನಮ್ಮ ಅಂಗಡಿಗೆ ಬರುತ್ತಿದ್ದಳು. ಎತ್ತರದ ಆಳು, ಮಾತು ಕಡಿಮೆ. ಹಣೆಯ ತುಂಬ ಕುಂಕುಮ. ಆ ಕುಂಕುಮದ ಬಗ್ಗೆಯೇ ಪೇಟೆಯ ಹೆಂಗಸರೆಲ್ಲ ಪಿಸುಗುಡುತ್ತಿದ್ದರು. ಆಕೆಯ ಗಂಡ ಲಡಾಯಿಗೆ ಹೋದವನು ಬ್ರಹ್ಮದೇಶದ ಕಾಡಿನಲ್ಲಿ ಬೇಪತ್ತಾ ಆಗಿದ್ದ. ಜೊತೆಗೆ ಹೋದವರಲ್ಲಿ ಉಳಿದವರು ಹೊಳ್ಳಿ ಬಂದರು, ಆತ ಬರಲಿಲ್ಲ. ಸತ್ತ ಎಂದು ಊರೆಲ್ಲ ಒಪ್ಪಿಕೊಂಡಿತ್ತು. ದಿನಕರ್ಮ ಮುಗಿಸೋಣ, ನಿನ್ನ ಪಾಲಿನ ಕುರಿ ನಮ್ಮ ಹಿಂಡಿಗೆ ಬಿಡು ಎಂದು ಮೈದುನರು ಗಂಟುಬಿದ್ದಿದ್ದರು. ಆಕೆ ಮಾತ್ರ ದಿನಾ ಬೆಳಿಗ್ಗೆ ಕುಂಕುಮ ಇಟ್ಟುಕೊಂಡು ಹೊರಬೀಳುತ್ತಿದ್ದಳು.

ಇಷ್ಟಾಗಿದ್ದರೆ ನಾನು ಕನಿಕರಪಟ್ಟು ಸುಮ್ಮನಾಗುತ್ತಿದ್ದೆ. ಆದರೆ ಆಕೆಗೆ ಒಂದು ವಿಚಿತ್ರ ಚಟವಿತ್ತು. ಪರದೇಶದ ನೋಟು ಕೂಡಿಸುವುದು! ಆಗ ಸುತ್ತಲಿನ ಶೇಗಾಂವ, ಕರಜಗಿ, ಎಲ್ಲ ಕಡೆಯೂ ಪಲಟಣಿನಿಂದ ಬಂದ ಗಂಡಸರಿದ್ದರು. ಅವರ ಟ್ರಂಕುಗಳಲ್ಲಿ ಮಿಸರ ದೇಶದ್ದು, ಇಟಲಿಯದು, ಜಪಾನಿಯವರು ಅಚ್ಚು ಹಾಕಿಸಿದ್ದು ಎಂದು ಏನೇನೋ ನೋಟುಗಳು. ಮಕ್ಕಳಿಗೆ ಆಟಕ್ಕೆ ಕೊಟ್ಟವರೂ ಇದ್ದರು. ಅಂಥವರು ಅಂಗಡಿಗೆ ಬಂದರೆ ಸಾಕು, ಈಕೆ ಹೊರೆ ಇಳಿಸಿ ಹತ್ತಿರ ಹೋಗಿ, "ಅಲ್ಲೀದು ನೋಟ ಏನರೆ ಅದಾವೇನ್ರಿ?" ಎಂದು ಕೇಳುತ್ತಿದ್ದಳು. ಕೊಟ್ಟವರಿಗೆ ಉಣ್ಣೆಯ ಹಗ್ಗವನ್ನೋ, ಕೂಸಿಗೆ ಹೊದಿಸುವ ಸಣ್ಣ ಕಂಬಳಿಯನ್ನೋ ಕೊಡುತ್ತಿದ್ದಳು. ನೋಟು ಚಂಚಿಯೊಳಗೆ ಸೇರುತ್ತಿತ್ತು.

ಅಕ್ಷರ ಬಾರದ ಹೆಣ್ಣಿಗೆ ಇಟಲಿಯ ನೋಟು ಯಾಕೆ? ನನಗೆ ನಿದ್ದೆ ಬರದಂತಾಯಿತು. ಖೊಟ್ಟಿ ನೋಟಿನವರ ಕೈ ಇರಬಹುದೇ? ನಿಜಾಮನ ಸೀಮೆಯ ಗದ್ದಲ ಇನ್ನೂ ಜನರ ಬಾಯಲ್ಲಿತ್ತು, ಅಲ್ಲಿಯ ಯಾರಿಗಾದರೂ ಸುದ್ದಿ ಮುಟ್ಟಿಸುತ್ತಿರಬಹುದೇ? ಅಥವಾ ನೋಟು ಬರೀ ನೆಪವೋ, ಗಂಡಸರ ಕೂಡ ಮಾತಿಗೆ ನಿಲ್ಲಲು? ಯಜಮಾನರ ಮುಂದೆ ಹೇಳಿದೆ. ಅವರು ತಕ್ಕಡಿಯಿಂದ ತಲೆ ಎತ್ತದೆ, "ನಿನಗ ಸಂಶೇ ಬರಲಾರದ ವಸ್ತು ಈ ಊರಾಗ ಯಾವುದರೆ ಐತೇನು?" ಎಂದರು.

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಚೇರಿಯ ಕಾರಕೂನರೊಬ್ಬರು ಬಾಡಿಗೆಗಿದ್ದರು. ಅವರಿಗೂ ಇದೇ ಹುಚ್ಚು, ಆದರೆ ಓದಿದವರ ಹುಚ್ಚು. ದಪ್ಪ ರಟ್ಟಿನ ಆಲ್ಬಮ್ಮು, ಹಾಳೆ ಹಾಳೆಗೂ ನೋಟು. ಅಂಟು ಹಚ್ಚುತ್ತಿರಲಿಲ್ಲ, ಮೂಲೆಗಳನ್ನು ಕಾಗದದ ಪಟ್ಟಿಯೊಳಗೆ ಸಿಗಿಸುತ್ತಿದ್ದರು. ಕೈ ತೊಳೆದು ಒರೆಸಿಕೊಳ್ಳದೆ ಮುಟ್ಟಗೊಡುತ್ತಿರಲಿಲ್ಲ. ಮುಂಬಯಿಯ ಯಾರ ಕೂಡವೋ ಟಪಾಲಿನಲ್ಲಿ ಅದಲುಬದಲು ನಡೆಯುತ್ತಿತ್ತು. ಅಕ್ಕನ ಸುದ್ದಿ ಕೇಳಿದ್ದೇ ತಡ ಆಕೆಯನ್ನು ಕರೆಸಿ, ಪಡಸಾಲೆಯಲ್ಲಿ ಕೂರಿಸಿ ಆಲ್ಬಮ್ಮು ತೆರೆದರು. ನಾನು ಅಕ್ಕಿ ಹಸನು ಮಾಡುವ ನೆಪದಲ್ಲಿ ಅಲ್ಲೇ ಕೂತೆ.

"ಜಗತ್ತಿನ ನೋಟೆಲ್ಲಾ ಕೂಡಸ್ತೀನಿ ಅಂದ್ರ ಹುಚ್ಚ ಹಿಡೀತದ ನೋಡವಾ," ಎಂದರು ಕಾರಕೂನರು. "ಒಂದೇ ಧಾಟಿ ಹಿಡಿಬೇಕು. ಒಬ್ಬರು ಒಂದ ದೇಶ ಹಿಡೀತಾರ. ಒಬ್ಬರು ರಾಜಾನ ಮಾರಿ ಹಿಡೀತಾರ. ನಾ ಹಡಗ ಹಿಡದೀನಿ. ಹಡಗ ಇದ್ದ ನೋಟ ಬಿಟ್ಟು ಬ್ಯಾರೆ ಬಂಗಾರದ ನೋಟ ಕೊಟ್ರೂ ಮುಟ್ಟೂದಿಲ್ಲ." ಪಾಪ, ಆ ಮನುಷ್ಯ ಸಮುದ್ರ ಕಂಡವರಲ್ಲ. "ನೀನೂ ಏನರೆ ಒಂದು ಆರಿಸ್ಕೊ. ಕುರಿ ಚಿತ್ರ ಇರೂವು ಹುಡುಕಿದ್ರ ಹ್ಯಾಂಗ? ನಿನಗ ಒಪ್ಪತದ."

ಅಕ್ಕ ಪ್ರತಿ ಹಾಳೆಯನ್ನೂ ನೋಡಿದಳು. ಹಡಗನ್ನಲ್ಲ, ಅಂಚುಗಳನ್ನು. ಎಲ್ಲ ಮುಗಿದ ಮೇಲೆ ಕೇಳಿದ್ದು ಒಂದೇ ಮಾತು. "ಮೂಲಿ ಕೊಯ್ದೂವು ಇಲ್ಲೇನ್ರಿ?"

ಕಾರಕೂನರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂಲೆ ಹೋದ ನೋಟಿಗೆ ಹವ್ಯಾಸಿಗಳಲ್ಲಿ ಬೆಲೆಯೇ ಇಲ್ಲವಂತೆ, ಅವರು ಅಂಥವನ್ನು ಒಲೆಗೆ ಹಾಕುತ್ತಾರಂತೆ. "ಒಲಿಗೆ ಹಾಕಬ್ಯಾಡ್ರಿ ರಾವಸಾಬ್ರ, ನನಗ ಕೊಡ್ರಿ," ಎಂದಳು ಅಕ್ಕ. ಅಂದಿನಿಂದ ಆಕೆ ಗರಿಗರಿ ನೋಟುಗಳನ್ನು ವಾಪಸ್ ಕೊಡತೊಡಗಿದಳು. ಮೂಲೆ ಮುಕ್ಕಾದವು ಮಾತ್ರ ಬೇಕು. ಅವುಗಳಲ್ಲೂ ಮುಕ್ಕಾಲು ಪಾಲು ನೋಡಿ, ತಲೆ ಅಲ್ಲಾಡಿಸಿ ಬಿಟ್ಟುಬಿಡುತ್ತಿದ್ದಳು. ಇಡೀ ಪೇಟೆ ನಗುತ್ತಿತ್ತು. ನನಗೆ ಮಾತ್ರ ನಗು ಬರಲಿಲ್ಲ. ಹರಿದ ನೋಟನ್ನು ಆಸೆಪಟ್ಟು ಕೇಳುವವಳ ಹೊಟ್ಟೆಯೊಳಗೆ ಏನೋ ಇದ್ದೇ ಇರಬೇಕು.

ಆ ಗುಟ್ಟು ಸಿಕ್ಕಿದ್ದು ಒಂದು ಕುರಿಯ ಕಿವಿಯಲ್ಲಿ. ಒಂದು ಸಂತೆಗೆ ಆಕೆ ಮಾರಲು ಕುರಿ ಹೊಡೆದುಕೊಂಡು ಬಂದಿದ್ದಳು. ನಮ್ಮ ಕಟ್ಟೆಗೆ ಕಟ್ಟಿ ಒಳಗೆ ಹೋದಾಗ ನಾನು ಸುಮ್ಮನೆ ಅದರ ತಲೆ ಸವರಿದೆ. ಎಡಗಿವಿಯ ತುದಿಯಲ್ಲಿ ಹಕ್ಕಿಯ ಬಾಲದ ಹಾಗೆ ಕವಲು, ಕೆಳಗೆ ಒಂದು ನೇರ ಸೀಳು. ಕುರಿಯವರು ಮರಿಯಿದ್ದಾಗಲೇ ಕಿವಿಗೆ ತಮ್ಮ ಮನೆಯ ಕಚ್ಚು ಹಾಕುತ್ತಾರೆ, ಹಿಂಡು ಹಿಂಡಿಗೆ ಬೆರೆತರೂ ಗುರುತು ಹತ್ತಲಿ ಎಂದು. ಒಬ್ಬರ ಮನೆಯ ಕಚ್ಚು ಇನ್ನೊಬ್ಬರಿಗೆ ಇರುವುದಿಲ್ಲ. ಆ ಕವಲನ್ನು ನಾನು ಬೇರೆಲ್ಲೋ ನೋಡಿದ್ದೆ... ಮಾವನವರ ಗಲ್ಲಾ ಪೆಟ್ಟಿಗೆಯಲ್ಲಿ. ಹಿಂದೆ ಆಕೆ ಕೊಟ್ಟಿದ್ದ ಒಂದು ರೂಪಾಯಿಯ ನೋಟನ್ನು, ಇಲಿ ಕಡಿದದ್ದು ಎಂದು ಮಾವನವರು ಚಲಾಯಿಸದೆ ಎತ್ತಿಟ್ಟಿದ್ದರು. ಓಡಿ ಹೋಗಿ ತೆಗೆದು, ಕುರಿಯ ಕಿವಿಯ ಪಕ್ಕ ಹಿಡಿದೆ. ಅದೇ ಕವಲು, ಅದೇ ಸೀಳು!

"ಅಕ್ಕಾ, ಏನಿದು? ಖರೆ ಹೇಳು."

ಆಕೆ ನನ್ನನ್ನೇ ನೋಡಿದಳು, ಬಾಗಿಲ ಕಡೆ ನೋಡಿದಳು. "ಯಾರ ಮುಂದೂ ಆಡಬ್ಯಾಡ್ರಿ ಬಾಯಾರ," ಎಂದು ಕೂತಳು. ಗಂಡನಿಗೂ ಅಕ್ಷರ ಬಾರದು. ಪಲಟಣಿನಲ್ಲಿ ಎಲ್ಲರ ಪಗಾರವೂ ಒಂದೇ ಬಣ್ಣ, ಕಳವು ಬಹಳ. ಅದಕ್ಕೇ ಆತ ತನ್ನ ಕೈಗೆ ಬಂದ ನೋಟಿಗೆಲ್ಲ ಚಾಕುವಿನಿಂದ ಮನೆಯ ಕಚ್ಚು ಹಾಕುತ್ತಿದ್ದ. ರಜೆಗೆ ಬಂದಾಗ ಹೆಂಡತಿಯ ಕೈಗೆ ಕೊಟ್ಟ ನೋಟುಗಳೂ ಹಾಗೆಯೇ ಇದ್ದವು. "ನಾ ಬೈದೀನ್ರಿ, ನೋಟ ಏನ ಕುರಿ ಏನ ಅಂತ. ನಕ್ಕ. ನಂದು ಅಂತ ಗೊತ್ತಾಗಬೇಕಲ್ಲ ಅಂದ." ಎಲ್ಲಾದರೂ ಆತ ಉಸಿರಾಡುತ್ತಿದ್ದರೆ, ಅಲ್ಲಿಯ ನೋಟಿನ ಮೂಲೆಯಲ್ಲಿ ಆ ಕಚ್ಚು ಇದ್ದೇ ಇರುತ್ತದೆ. ಇಷ್ಟೇ ಆಕೆಯ ಲೆಕ್ಕ. ಮೈದುನರಿಗೆ ತಿಳಿದರೆ ತಾವೇ ಒಂದು ನೋಟು ಕೊಯ್ದು, ಸತ್ತವನ ಹೆಣದ ಮೇಲೆ ಸಿಕ್ಕಿತು ಎಂದು ಯಾರಿಂದಾದರೂ ಹೇಳಿಸಿಯಾರು ಎಂದು ಬಾಯಿ ಮುಚ್ಚಿಕೊಂಡಿದ್ದಳು. ಶಿವನೇ! ನನಗಿಂತ ಸಂಶಯದವಳು ಒಬ್ಬಳು ಸಿಕ್ಕಳಲ್ಲ ಎಂದು ಆ ದುಃಖದಲ್ಲೂ ನನಗೆ ಆಕೆಯ ಮೇಲೆ ಪ್ರೀತಿ ಉಕ್ಕಿತು. ಆ ರೂಪಾಯಿಯ ನೋಟನ್ನು ಆಕೆಯ ಕೈಗಿಟ್ಟೆ. ಅಂದಿನಿಂದ ನಾನು ಬಾಯಾರ ಹೋಗಿ ತಂಗಿಯಾದೆ.

ವರ್ಷಗಳು ಹಾಗೇ ಕಳೆದವು. ಕಾರಕೂನರು ಟಪಾಲಿನಲ್ಲಿ ಬಂದ ಮುಕ್ಕು ನೋಟುಗಳನ್ನು ನಗುತ್ತಲೇ ತೆಗೆದಿಡುತ್ತಿದ್ದರು. ಅಕ್ಕ ಬಂದು ನೋಡಿ, ತಲೆ ಅಲ್ಲಾಡಿಸಿ, ಕಂಬಳಿ ಮಾರಿಕೊಂಡು ಹೋಗುತ್ತಿದ್ದಳು. ಅವರು ಬದಲಿಯಾಗಿ ಬೇರೆ ಊರಿಗೆ ಹೋಗುವ ಹೊತ್ತಿಗೆ ಅಕ್ಕನ ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಹಣೆಯ ಕುಂಕುಮ ಮಾತ್ರ ಹಾಗೆಯೇ...

ಆಮೇಲೆ ಒಬ್ಬಾತ ಬಂದ. ಕರಜಗಿಯವನಂತೆ, ರಂಗೂನಿನಲ್ಲಿ ಬಹಳ ವರ್ಷ ದುಡಿದು ಊರಿಗೆ ಬಂದವನು. ಕಂಬಳಿ ಕೊಳ್ಳಲು ಅಂಗಡಿಗೆ ಬಂದವನು ಜಂಬಕ್ಕೆ ಅಲ್ಲಿಯ ನೋಟುಗಳನ್ನು ಮಾವನವರಿಗೆ ತೋರಿಸಿದ. ಮೇಲೆ ನವಿಲು. ಅದು ಇಂಗ್ರೇಜರು ಹೋದಮೇಲೆ ಹೊಸ ಸರಕಾರ ತೆಗೆದ ನೋಟು, ಲಡಾಯಿಯ ಕಾಲದ್ದಲ್ಲ ಎಂದು ಆತನೇ ಹೇಳಿದ. ಸಂತೆಗೆ ಬಂದಿದ್ದ ಅಕ್ಕ ಅವನ್ನು ಒಂದೊಂದಾಗಿ ನೋಡುತ್ತ ಹೋದಳು. ಒಂದು ನೋಟಿಗೆ ಆಕೆಯ ಕೈ ನಿಂತಿತು. ಎಡಮೂಲೆಯಲ್ಲಿ ಕವಲು, ಕೆಳಗೆ ಸೀಳು.

ಅದೇ ಕಚ್ಚು! ಮರುಕ್ಷಣವೇ ಸಂಶಯ. ಮೈದುನರು ಕಳಿಸಿದ ಮನುಷ್ಯ ಇವನು! ಎಲ್ಲಿಂದಲೋ ವಾಸನೆ ಹಿಡಿದಿದ್ದಾರೆ. ನಾನು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಮುಂದೆ ಬಂದೆ. "ಈ ನೋಟ ಯಾರ ಕೊಟ್ಟಾರ್ರಿ ನಿಮಗ?"

"ಊರ ಹೊರಗ ಆಡ ಸಾಕ್ಕೊಂಡು ಹಾಲ ಮಾರೂ ಒಬ್ಬಾಂವ ಅದಾನ್ರಿ. ನಮ್ಮ ಕಡೆಯಾಂವನ, ಕನ್ನಡಾ ಮಾತಾಡ್ತಾನ. ನೋಟ ಕೈಗಿ ಬಂತಂದ್ರ ಹೀಂಗ ಕೊಯ್ದ ಡಬ್ಬಿಗೆ ಹಾಕ್ತಾನ. ನಾವೆಲ್ಲಾ ಚ್ಯಾಷ್ಟಿ ಮಾಡ್ತಿದ್ವಿ."

"ಆತನ ಬಲಗೈಗೆ ಹೆಬ್ಬಟ್ಟ ಇಲ್ಲಲ್ಲ?" ಎಂದೆ. ಅಕ್ಕನ ಗಂಡನಿಗೆ ಹೆಬ್ಬೆರಳು ಇತ್ತೆಂದು ಆಕೆಯ ಮಾತಿನಿಂದಲೇ ನನಗೆ ಗೊತ್ತಿತ್ತು. ಹೇಳಿಕೊಟ್ಟ ಪಾಠವಾದರೆ ಇಲ್ಲೇ ಸಿಕ್ಕಿಬೀಳುತ್ತಾನೆ.

ಆತ ಗೊಂದಲಗೊಂಡ. "ಬೆರಳ ಎಲ್ಲಾ ಅದಾವಲ್ರಿ. ಹಲ್ಲ ಇಲ್ಲ. ಮುಂದಿನ ಹಲ್ಲ ಟಗರ ಹಾಯ್ದ ಮುರದದಂತ. ನಗೂ ಮುಂದ ಅಂಗೈ ಅಡ್ಡ ಹಿಡೀತಾನ."

ಅಕ್ಕ ಕಂಬಳಿಯ ಹೊರೆಯ ಮೇಲೆ ಕೂತಳು. ಹಲ್ಲಿನ ಮಾತನ್ನು ಆಕೆ ನನಗೂ ಹೇಳಿರಲಿಲ್ಲ. ಆ ನೋಟನ್ನು ಅಂಗೈಯಲ್ಲಿ ಮಡಚಿ ಹಿಡಿದು ಕೇಳಿದಳು, "ಒಬ್ಬನ ಅದಾನೇನ್ರಿ?"

"ಇಲ್ಲವಾ. ಅಲ್ಲೀ ಹೆಂಗಸಿನ ಮಾಡ್ಕೊಂಡಾನ. ಮಕ್ಕಳ ಅದಾವ. ನಾ ಜತ್ತಿನ ಕಡೀ ಹೊಂಟೀನಿ, ಏನರೆ ಹೇಳೂದೈತೇನು ಅಂತ ಕೇಳ್ದೆ. ಡಬ್ಬಿ ತೆಗದ. ಆಮ್ಯಾಲ ಈ ನೋಟ ಕೈಯಾಗಿಟ್ಟ, ಒಳಗ ಹ್ವಾದ."

ಆತ ಹೋದಮೇಲೆ ನಾನು ಆಕೆಯ ಪಕ್ಕ ಕೂತೆ. "ಬೇಕಂತನ ಕೊಟ್ಟಾನ ಅಕ್ಕಾ. ನಿನಗ ಸುದ್ದಿ ಕಳಿಸ್ಯಾನ. ಕಚ್ಚು ನಿಮ್ಮದ ಐತಿ. ಕುರಿ ಯಾರ ಹಿಂಡಿನಾಗಿದ್ರೂ ಕಚ್ಚು ತೋರಿಸಿ ಎಳಕೊಂಡು ಬರ್ತೀರಲ್ಲ ನೀವು?"

"ಸುದ್ದಿ ಕಳಸಾಂವ ಬಾಯಿಲೆ ಕಳಸ್ತಾನ ತಂಗೀ," ಎಂದಳು. "ಮತ್ತ ಎಳಕೊಂಡು ಬರೂದು ಕುರಿನ್ನ. ಮನಷಾನ್ನಲ್ಲ." ನೋಟನ್ನು ನನ್ನ ಕೈಗಿಟ್ಟು, ಹೊರೆ ಎತ್ತಿಕೊಂಡು ಹೊರಟುಹೋದಳು. ಒಂದೂ ಕಂಬಳಿ ಮಾರಲಿಲ್ಲ ಅಂದು.

ಮುಂದಿನ ಸಂತೆಗೆ ಬಂದಾಗ ಆಕೆಯ ಹಣೆ ಬರಿದಾಗಿತ್ತು. ಸಾವಿನ ಸುದ್ದಿ ಕಡೆಗೂ ಬಂತಂತೆ ಎಂದು ಪೇಟೆಯ ಹೆಂಗಸರು ಲೊಚಗುಟ್ಟಿದರು. ಅಕ್ಕ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಸತ್ತ ಎಂದು ಎಲ್ಲರೂ ಹೇಳಿದಾಗ ಅಳಿಸದ ಕುಂಕುಮವನ್ನು, ಬದುಕಿದ್ದಾನೆಂದು ತಿಳಿದ ಮೇಲೆ ತಾನೇ ಅಳಿಸಿಕೊಂಡಳು. ನನಗೆ ಅಳು ತಡೆಯಲಾಗಲಿಲ್ಲ, ಒಳಗೆ ಹೋಗಿ ಅತ್ತುಬಿಟ್ಟೆ. ಆ ಹಲ್ಲುಮುರುಕನ ಮೇಲೆ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ.

ಮೈದುನರು ಈಗ ಕುರಿ ಹೊಡೆದುಕೊಂಡು ಹೋಗುತ್ತಾರೆ ಎಂದೇ ನಾನು ಎಣಿಸಿದ್ದೆ. ಮಳೆಗಾಲ ಕಳೆದ ಮೇಲೆ ಆಕೆ ಒಂದು ಮರಿಯನ್ನು ಬಗಲಲ್ಲಿ ಹಿಡಿದು ನಮ್ಮ ಕಟ್ಟೆಗೆ ಬಂದಳು. ರೂಢಿಯಂತೆ ನನ್ನ ಕೈ ಅದರ ಎಡಗಿವಿಗೆ ಹೋಯಿತು. ಕಿವಿ ನುಣ್ಣಗಿತ್ತು. ಬಲಗಿವಿ ನೋಡಿದೆ. ತುದಿ ನೇರ ಕೊಯ್ದಿತ್ತು, ಗಾಯ ಇನ್ನೂ ಪೂರ್ತಿ ಮಾದಿರಲಿಲ್ಲ. ಇಂಥ ಕಚ್ಚನ್ನು ನಾನು ಯಾವ ಹಿಂಡಿನಲ್ಲೂ ಕಂಡಿರಲಿಲ್ಲ.

"ಇದು ಯಾರ ಮನೀದು ಅಕ್ಕಾ?"

"ನಂದು," ಎಂದಳು. ಪಂಚರನ್ನು ಕೂಡಿಸಿ, ತನ್ನ ಪಾಲನ್ನು ಬೇರೆ ಮಾಡಿಸಿಕೊಂಡು, ಆ ವರ್ಷದ ಮರಿಗಳಿಗೆಲ್ಲ ತನ್ನದೇ ಕಚ್ಚು ಹಾಕಿದ್ದಳು.

ಆಮೇಲೆ ಆಕೆ ನೋಟು ಕೇಳಲಿಲ್ಲ. ಚಂಚಿಯಲ್ಲಿ ಕೂಡಿಸಿದ್ದನ್ನೆಲ್ಲ ಓಣಿಯ ಮಕ್ಕಳಿಗೆ ಕೊಟ್ಟುಬಿಟ್ಟಳು. ಮುಂದೆ ನಾವು ಅಂಗಡಿ ಮುಚ್ಚಿ ಸಾಂಗಲಿಗೆ ಬಂದೆವು. ಆಕೆ ಹೋದ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಎಷ್ಟೋ ತಿಂಗಳಾಗಿತ್ತು... ಮಣ್ಣಿಗೂ ಹೋಗಲಾಗಲಿಲ್ಲ ನನಗೆ.

ನವಿಲಿನ ನೋಟು ನನ್ನ ಟ್ರಂಕಿನಲ್ಲಿದೆ. ಆ ಕಾರಕೂನರ ಮಾತಿನಂತೆ ಒಂದೇ ಧಾಟಿ ಹಿಡಿದವಳು ನಾನೂ ಆಗಿಬಿಟ್ಟೆನೋ ಏನೋ, ಮೂಲೆ ಮುಕ್ಕಾದ ನೋಟು ಕೈಗೆ ಬಂದರೆ ಇಂದಿಗೂ ಬೆಳಕಿಗೆ ಹಿಡಿಯದೆ ಬಿಡುವುದಿಲ್ಲ. ಔಷಧಿ ಅಂಗಡಿಯವನು ವಾಪಸ್ ಕೊಟ್ಟದ್ದನ್ನೂ ಹೊರಳಿಸಿ ಹೊರಳಿಸಿ ನೋಡಿದೆ. ಕವಲಿರಲಿಲ್ಲ, ಸೀಳಿರಲಿಲ್ಲ. ಇಲಿ ಕಡಿದದ್ದು. ಬರೀ ಇಲಿ ಕಡಿದದ್ದು ಅಕ್ಕಾ ಎನ್ನಲು ತಲೆ ಎತ್ತಿದೆ. ಹೇಳಬೇಕೆಂದರೆ ಪಕ್ಕದಲ್ಲಿ ಯಾರಿದ್ದಾರೆ?