ರಾಣೆಬೆನ್ನೂರಿನಲ್ಲಿ ‘ಫ್ರಮ್’ ಪಾಠ

“ಊರು ಕೊಳ್ಳೇಗಾಲ, ಖರೇ. ಆದ್ರ ಮಂದಿ ಯಾವುದ್ರಿ?”

ರಾಣೆಬೆನ್ನೂರಿಗೆ ಬಂದ ಮೊದಲ ವಾರ ಬಾಡಿಗೆ ಮನೆ ನೋಡಲು ಹೋದಾಗ ಮನೆಯೊಡತಿ ಹೀಗೆ ಕೇಳಿದಳು. “ಬರ್ರಿ, ಕುಂದ್ರಿ” ಎಂದು ಚಾಪೆ ಹಾಸಿದ್ದಳು. ಕುಡಿಯಲು ನೀರು ಇನ್ನೂ ಬಂದಿರಲಿಲ್ಲ. ಮಂದಿ ಎಂದರೆ ಜನ ಅಂದುಕೊಂಡಿದ್ದೆ. ಇಲ್ಲಿ ಜಾತಿಯೂ ಹೌದು. ನಮ್ಮೂರಲ್ಲಿ ಹೀಗೆ ಬಾಯಿಬಿಟ್ಟು ಕೇಳುವುದಿಲ್ಲ. ಬೀದಿಯ ಹೆಸರು ಹೇಳಿದರೆ ಸಾಕು, ಉಳಿದದ್ದು ಅವರಿಗೇ ಗೊತ್ತಾಗುತ್ತದೆ.

ನಾನು ದಲಿತ ಕೇರಿಯವಳು. ಅಷ್ಟರಲ್ಲಿ ಮೂರು ಮನೆ ಕೈತಪ್ಪಿದ್ದವು. “ಮೈಸೂರು ಕಡೆಯವರು, ಮಾಂಸ ತಿನ್ನಲ್ಲ” ಎಂದೆ. ಮಾಂಸದ ಮಾತು ಸುಳ್ಳು. ಆಕೆ ತನಗೆ ಬೇಕಾದ ಜಾತಿಯನ್ನು ತಾನೇ ಊಹಿಸಿಕೊಂಡು ಬೀಗದ ಕೈ ಕೊಟ್ಟಳು.

ನಾನು ಬಂದದ್ದು ಇಂಗ್ಲಿಷ್ ಮಾತು ಕಲಿಸಲು. ತರಗತಿಯಲ್ಲಿ ರೆಹಾನಾ ಎಂಬ ಹುಡುಗಿ ಎದ್ದು ನಿಂತು “ಐ ಆಮ್ ಕಮಿಂಗ್ ಫ್ರಮ್ ಐರಣಿ” ಎಂದಳು. “ಹಾಗಂದ್ರೆ ನೀನಿನ್ನೂ ದಾರೀಲೇ ಇದ್ದೀಯ. ಊರು ಹೇಳೋಕೆ ಐ ಆಮ್ ಫ್ರಮ್, ಇಲ್ಲಾ ಐ ಕಮ್ ಫ್ರಮ್” ಎಂದೆ. ಇಂಗ್ಲಿಷಿನಲ್ಲಿ ಮನುಷ್ಯರಿಗೂ ಮೆಣಸಿನಕಾಯಿಗೂ ಅದೇ ಫ್ರಮ್, ಊರು ಹೇಳಿದರೆ ಮುಗಿಯಿತು ಎಂದು ಹೆಮ್ಮೆಯಿಂದ ವಿವರಿಸಿದೆ.

ಐರಣಿಯಿಂದ ದಿನಾ ಬಸ್ಸಿನಲ್ಲಿ ಬರುವುದು ಅವಳಿಗೆ ಕಷ್ಟವಾಗಿತ್ತು. ನಮ್ಮ ಮನೆಯ ಮಹಡಿ ಮೇಲೊಂದು ಕೋಣೆ ಖಾಲಿ ಇತ್ತು, ನಾನೇ ಕರೆದೊಯ್ದೆ. ಒಡತಿ ಹೆಸರು ಕೇಳಿದಳು. ರೆಹಾನಾ ಹೇಳಿದಳು.

“ಅಯ್ಯ, ನಿನ್ನೇನ ಒಬ್ರು ಅಡ್ವಾನ್ಸ್ ಕೊಟ್ಟು ಹೋದ್ರವಾ.”

ಹುಡುಗಿ ಹೋದ ಮೇಲೆ ಒಡತಿ ನನ್ನ ಕೈಗೆ ಚಹಾ ಕೊಟ್ಟು ಪಿಸುಗುಟ್ಟಿದಳು: “ಮನಿಗೆ ನೀರಿನ ಟಾಕಿ ಒಂದ ಐತ್ರಿ ಮೇಡಂ. ನಿಮ್ಮಂಥಾವ್ರು ಇದ್ರ ಚಿಂತಿಲ್ಲ.”

ಬಾಯಲ್ಲಿದ್ದ ಚಹಾವನ್ನು ಹಿತ್ತಿಲಿನ ಮೋರಿಗೆ ಉಗುಳಿದೆ. ಅವಳ ಮೇಲೆ ಹೇಸಿಗೆಯಾಯಿತು. ಅವಳೆದುರು ತಲೆಯಾಡಿಸಿ ಬಂದ ನನ್ನ ಮೇಲೆ ಇನ್ನೂ ಹೆಚ್ಚು.

ಮರುದಿನ ರೆಹಾನಾ ಕೇಳಿದಳು: “ನಾ ಏನ್ ತಪ್ಪು ಹೇಳಿದ್ನಿರಿ ಮೇಡಂ?”

ಅಂದು ಸಂಜೆ ಒಡತಿಯ ಮುಂದೆ ನಿಂತು ನನ್ನ ಜಾತಿ ಹೇಳಿದೆ.

“ಮೊದಲ ಹೇಳಬೇಕಿತ್ತಲ್ರಿ!” ಎಂದು ಸೆರಗನ್ನು ಮೈಗೆ ಎಳೆದುಕೊಂಡಳು. ನಾನು ಪೆಟ್ಟಿಗೆ ಕಟ್ಟುವುದರೊಳಗೆ ಟಾಕಿಯ ನೀರನ್ನೆಲ್ಲ ಬೀದಿಗೆ ಬಿಡಿಸಿದ್ದಳು. ನೀರಿನ ಹನಿಗೂ ಪರದಾಡುವ ಓಣಿಯದು.

ರೆಹಾನಾಳ ಖಾಲಾ, ಅಂದರೆ ಅವಳ ತಾಯಿಯ ತಂಗಿ, ಬ್ಯಾಡಗಿಯಲ್ಲಿದ್ದಾರೆ. ನಮ್ಮಿಬ್ಬರಿಗೂ ಅವರ ಮನೆಯಲ್ಲೇ ಒಂದು ಕೋಣೆ ಸಿಕ್ಕಿತು. ಈಗ ಪಾಠಕ್ಕೆ ರಾಣೆಬೆನ್ನೂರಿಗೆ ರೈಲಿನಲ್ಲಿ ಹೋಗಿಬರುತ್ತೇವೆ. ಖಾಲಾ ಕೇಳಿದ್ದು ಒಂದೇ: “ಖಡಕ್ ರೊಟ್ಟಿ ಕಡೀತೀಯಿಲ್ಲ?”

ಇದನ್ನೆಲ್ಲ ಹೇಳಲು ರಜೆಯಲ್ಲಿ ಕೊಳ್ಳೇಗಾಲಕ್ಕೆ ಹೋದೆ. ಅಣ್ಣ ಒಡತಿಯನ್ನು ಮನಸಾರೆ ಬೈದ. ಆಮೇಲೆ ದನಿ ತಗ್ಗಿಸಿ ಕೇಳಿದ: “ಈಗ ಸಾಬ್ರ ಮನೇಲಾ ಇರೋದು? ಊಟಾನೂ ಅಲ್ಲೇನಾ?”

ಅವನ ಮೂಗು ಸೊಟ್ಟಗಾಗಿತ್ತು. ಕಲಸಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಅವ್ವ ಕೂಗುತ್ತಿದ್ದರೂ ನಿಲ್ಲದೆ ಬಸ್ಸು ಹತ್ತಿದೆ.

ಬ್ಯಾಡಗಿಯಲ್ಲಿ ರೈಲಿನಿಂದ ಇಳಿದಾಗ ಗಾಳಿಯಲ್ಲಿ ಮೆಣಸಿನಕಾಯಿಯ ಘಾಟು ದಟ್ಟವಾಗಿತ್ತು. ಜೊತೆಗೆ ಇಳಿದವರೆಲ್ಲ ಆ ಘಾಟಿಗೆ ಒಗ್ಗಿದವರು, ಮಾತಾಡುತ್ತ ಮನೆಗೆ ನಡೆದರು. ನಾನೊಬ್ಬಳೇ ಕಂಬ ಹಿಡಿದು ನಿಂತು, ಕಣ್ಣಲ್ಲಿ ನೀರು ಬರುವವರೆಗೆ ಸೀನಿದೆ.